ಮನೆಯ ಬಣ್ಣ, ಪೇಂಟರನ ಉಸಿರು



ಒಂದು ಲೀಟರ್ ಎನಾಮಲ್ ಬಣ್ಣವನ್ನು ಬಾಗಿಲಿಗೋ ಕಿಟಕಿಯ ಸರಳಿಗೋ ಹಚ್ಚಿದರೆ ಅದರಲ್ಲಿ ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಅರ್ಧ. ರಾಳ ಮತ್ತು ವರ್ಣದ್ರವ್ಯ ಪದರವಾಗಿ ಕೂರುತ್ತವೆ. ಮಿಕ್ಕದ್ದು, ಅಂದರೆ ಸುಮಾರು 350ರಿಂದ 450 ಗ್ರಾಂ ಪೆಟ್ರೋಲಿಯಂ ದ್ರಾವಕ, ಬಹುಪಾಲು ಕೆಲವೇ ಗಂಟೆಗಳಲ್ಲಿ ಗಾಳಿಗೆ ಹೋಗುತ್ತದೆ. ಗಟ್ಟಿ ರಾಳವನ್ನು ಬ್ರಷ್ಷಿನಲ್ಲಿ ಎಳೆಯುವಷ್ಟು ತೆಳ್ಳಗೆ ಮಾಡುವುದೊಂದೇ ಅದರ ಕೆಲಸ. ಕೆಲಸ ಮುಗಿದ ಕ್ಷಣದಿಂದ ಅದು ಯಾರಿಗೂ ಬೇಡದ ವಸ್ತು. ಅಂದರೆ ಮನೆಯ ಯಜಮಾನ ದುಡ್ಡು ಕೊಟ್ಟು ಕೊಂಡ ಡಬ್ಬದ ಅರ್ಧವನ್ನು ಹಗಲಿಡೀ ಮೂಗಿನಿಂದ ಒಳಗೆಳೆದುಕೊಳ್ಳುವವನು ಪೇಂಟರ್. ಹಾಗೆ ಹೋಗುವ ಅರ್ಧವನ್ನು ಕಡಿಮೆ ಮಾಡುವುದು ಸಾಧ್ಯವೇ, ಸಾಧ್ಯವಾದರೆ ಎಲ್ಲಿಂದ ಶುರು ಮಾಡಬೇಕು ಎಂಬುದು ಈ ಉಪನ್ಯಾಸದ ವಿಷಯ.

ಪ್ರಮಾಣದ ಅಂದಾಜು ಸಿಗಲು ಒಂದು ಸರಳ ಲೆಕ್ಕ ಮಾಡೋಣ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಇರುವ ಗಾಳಿ ಸುಮಾರು 34 ಘನ ಮೀಟರ್. ಅದರೊಳಗೆ ಬಾಗಿಲು, ಚೌಕಟ್ಟು, ಗೋಡೆ ಬೀರುಗಳಿಗೆ ಒಂದು ಲೀಟರ್ ಎನಾಮಲ್ ಹಚ್ಚಿದರೆ ಹೊರಬೀಳುವ ದ್ರಾವಕ 400 ಗ್ರಾಂ ಎಂದುಕೊಳ್ಳೋಣ. ಗಾಳಿ ಬದಲಾಗದಿದ್ದರೆ ಪ್ರತಿ ಘನ ಮೀಟರಿಗೆ ಹನ್ನೊಂದು ಗ್ರಾಂ ದಾಟುತ್ತದೆ. ಈ ಬಗೆಯ ದ್ರಾವಕದ ಆವಿಗೆ ಎಂಟು ಗಂಟೆಯ ಕೆಲಸದ ದಿನದಲ್ಲಿ ಸರಾಸರಿ ಇಷ್ಟಕ್ಕಿಂತ ಹೆಚ್ಚಿರಬಾರದು ಎಂದು ಅಮೆರಿಕದ ಕೈಗಾರಿಕಾ ನೈರ್ಮಲ್ಯ ತಜ್ಞರು ಸೂಚಿಸುವ ಮಟ್ಟ ಘನ ಮೀಟರಿಗೆ ಸುಮಾರು 525 ಮಿಲಿಗ್ರಾಂ. ನಮ್ಮ ಕೋಣೆಯ ಲೆಕ್ಕ ಅದರ ಇಪ್ಪತ್ತು ಪಟ್ಟಿಗೂ ಮಿಕ್ಕಿತು. ನಿಜದಲ್ಲಿ ಯಾವ ಕೋಣೆಯೂ ಪೂರ್ತಿ ಮುಚ್ಚಿರುವುದಿಲ್ಲ, ದ್ರಾವಕವೂ ಒಂದೇ ಕ್ಷಣಕ್ಕೆ ಏಳುವುದಿಲ್ಲ. ಆದ್ದರಿಂದ ಇದು ಕಾಗದದ ಲೆಕ್ಕವೇ. ಆದರೂ ಕೋಣೆಯ ಗಾಳಿ ಎಷ್ಟು ಸಲ ಬದಲಾದರೆ ಆ ಮಟ್ಟದ ಕೆಳಗೆ ಇಳಿಯಬಹುದು ಎಂಬುದನ್ನು ಅದು ತೋರಿಸುತ್ತದೆ. ನಮ್ಮ ಶಿವಮೊಗ್ಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೋಡೆ ಒದ್ದೆ. ಆಗ ಪೇಂಟರ್ ಒಳಗಿನ ಕೆಲಸ ಹಿಡಿಯುವುದು ಸಹಜ, ಎರಚಲು ಬಾರದಿರಲಿ ಎಂದು ಕಿಟಕಿ ಮುಚ್ಚುವುದೂ ಸಹಜ. ಗಾಳಿ ಅತಿ ಹೆಚ್ಚು ಬೇಕಾದ ಕೆಲಸ ಗಾಳಿ ಅತಿ ಕಡಿಮೆ ಇರುವ ತಿಂಗಳುಗಳಿಗೆ ಬೀಳುತ್ತದೆ.

ಈ ಆವಿಯನ್ನು ಹಿಡಿದಿಡಬಾರದೇ ಎಂದು ಕೇಳಬಹುದು. ಹತ್ತಿರದ ಭದ್ರಾವತಿಯ ಇತಿಹಾಸದಲ್ಲೇ ಇದಕ್ಕೆ ಉತ್ತರವಿದೆ. 1918ರಲ್ಲಿ ಆರಂಭಗೊಂಡು 1923ರಲ್ಲಿ ಉತ್ಪಾದನೆಗೆ ಬಂದ ಅಲ್ಲಿನ ಕಬ್ಬಿಣದ ಕಾರ್ಖಾನೆ ಮೊದಲಿಗೆ ಕಟ್ಟಿಗೆಯ ಇದ್ದಿಲಿನಿಂದ ಕುಲುಮೆ ಉರಿಸುತ್ತಿತ್ತು. ಇದ್ದಿಲಿಗಾಗಿ ಮಲೆನಾಡಿನ ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಬಟ್ಟಿಯಿಳಿಸುವ ಘಟಕ ಅಲ್ಲಿತ್ತು. ಹೊರಟ ಆವಿಯನ್ನು ತಣಿಸಿ ಮೆಥನಾಲ್, ಅಸಿಟೇಟ್, ಡಾಂಬರು ತೆಗೆಯುತ್ತಿದ್ದರು. ಬಣ್ಣದ ಥಿನ್ನರ್‌ಗಳ ಹತ್ತಿರದ ಬಂಧುಗಳಾದ ಈ ಪದಾರ್ಥಗಳನ್ನು ಆ ಕಾರ್ಖಾನೆ ಗಾಳಿಗೆ ಬಿಡಲಿಲ್ಲ, ಏಕೆಂದರೆ ಅವಕ್ಕೆ ಬೆಲೆಯಿತ್ತು, ಮತ್ತು ಆವಿ ಹೊರಡುವ ಜಾಗ ಒಂದೇ ಆಗಿತ್ತು. ಮನೆಗಳ ಬಣ್ಣದಲ್ಲಿ ಈ ಎರಡೂ ಅನುಕೂಲಗಳಿಲ್ಲ. ಸಾವಿರ ಮನೆಗಳ ಸಾವಿರ ಕೋಣೆಗಳಲ್ಲಿ ಒಂದೊಂದು ಲೀಟರಿನಂತೆ ಹರಡಿಹೋಗುವ ಆವಿಗೆ ಚಿಮಣಿಯಿಲ್ಲ, ತಣಿಸುವ ಕೊಳವೆಯಿಲ್ಲ. ಕಾರ್ಖಾನೆಯ ಹೊಗೆಗೆ ಜಾಲರಿ ಕಟ್ಟಿದಂತೆ ಇಲ್ಲಿ ಕಟ್ಟಲಾಗದು. ಡಬ್ಬದೊಳಗೆ ಹೋಗುವ ದ್ರಾವಕವನ್ನೇ ಕಡಿಮೆ ಮಾಡಬೇಕು, ಬೇರೆ ದಾರಿಯಿಲ್ಲ. ಕಾರ್ಖಾನೆಗಳಿಗೆ ಹೊರಸೂಸುವಿಕೆಯ ಮಿತಿ ಹಾಕುವ ದೇಶಗಳು ಬಣ್ಣಕ್ಕೆ ಬಂದಾಗ ಪದಾರ್ಥದ ಮೇಲೇ ಮಿತಿ ಹಾಕಿದ್ದು ಇದೇ ಕಾರಣಕ್ಕೆ.

ಆರೋಗ್ಯದ ಪುರಾವೆ ಹೊಸದೇನಲ್ಲ. ಪೇಂಟರ್ ವೃತ್ತಿಯಲ್ಲಿ ಎದುರಾಗುವ ಪದಾರ್ಥಗಳ ಒಟ್ಟು ಸಂಪರ್ಕವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1989ರಲ್ಲೇ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ಮೊದಲ ಗುಂಪಿಗೆ ಸೇರಿಸಿತು. ಮುಂದಿನ ಮರುಪರಿಶೀಲನೆಗಳಲ್ಲಿಯೂ ಆ ತೀರ್ಮಾನ ನಿಂತಿತು. ಶ್ವಾಸಕೋಶ ಮತ್ತು ಮೂತ್ರಕೋಶದ ಕ್ಯಾನ್ಸರ್ ಅದರ ಮುಖ್ಯ ಆಧಾರ. ಎಲ್ಲ ತಪ್ಪನ್ನೂ ದ್ರಾವಕದ ತಲೆಗೆ ಕಟ್ಟುವುದು ಸರಿಯಲ್ಲ. ಪೇಂಟರನ ಎದೆಗೆ ಪುಟ್ಟಿ ಉಜ್ಜಿದ ದೂಳು, ಹಳೆಯ ಬಣ್ಣದ ಸೀಸ, ಕ್ರೋಮಿಯಂ ಎಲ್ಲವೂ ಹೋಗುತ್ತವೆ. ಆದರೆ ನರಮಂಡಲದ ವಿಷಯದಲ್ಲಿ ದ್ರಾವಕವೇ ಆರೋಪಿ. ಡೆನ್ಮಾರ್ಕ್ ಮತ್ತು ಅದರ ನೆರೆಯ ದೇಶಗಳಲ್ಲಿ 1970ರ ದಶಕದಲ್ಲಿ ವರ್ಷಗಟ್ಟಲೆ ದ್ರಾವಕದ ಬಣ್ಣ ಹಚ್ಚಿದವರಲ್ಲಿ ಮರೆವು, ಗಮನ ನಿಲ್ಲದಿರುವುದು, ಸಿಡುಕು, ಬಳಲಿಕೆ ಒಟ್ಟಿಗೆ ಕಾಣತೊಡಗಿದವು. ವೈದ್ಯರು ಅದನ್ನು ವೃತ್ತಿಯಿಂದ ಬಂದ ಮಿದುಳಿನ ಕಾಯಿಲೆ ಎಂದು ಗುರುತಿಸಿದರು. ಡೆನ್ಮಾರ್ಕ್ 1982ರಿಂದ ಪ್ರತಿ ಬಣ್ಣದ ಡಬ್ಬಕ್ಕೂ ಒಂದು ಸಂಕೇತ ಸಂಖ್ಯೆ ಕೊಡುವ ಪದ್ಧತಿ ತಂದಿತು. ಅದರ ಒಂದು ಭಾಗ ಆ ಬಣ್ಣದ ಆವಿಯನ್ನು ಕರಗಿಸಲು ಎಷ್ಟು ಗಾಳಿ ಬೇಕು ಎಂಬುದನ್ನು ಹೇಳುತ್ತದೆ. ಒಳಾಂಗಣಕ್ಕೆ ನೀರಿನ ಬಣ್ಣ ಸಾಕಾಗುವಲ್ಲಿ ದ್ರಾವಕದ ಬಣ್ಣ ಬಳಸಲು ಅವಕಾಶ ಕುಗ್ಗುತ್ತ ಹೋಯಿತು. ಗಮನಿಸಬೇಕಾದ್ದೇನೆಂದರೆ, ಆ ದೇಶ ಆರಂಭಿಸಿದ್ದು ಕೆಲಸಗಾರನ ಮೂಗಿನಿಂದ.

ಅಮೆರಿಕದ ದಾರಿ ಬೇರೆ. ಅಲ್ಲಿನವರು ಆರಂಭಿಸಿದ್ದು ಆಕಾಶದಿಂದ. 1950ರ ದಶಕದ ಮೊದಲಲ್ಲಿ ಲಾಸ್ ಏಂಜಲೀಸ್‌ನ ಮೇಲೆ ಕವಿಯುತ್ತಿದ್ದ ಕಣ್ಣುರಿಸುವ ಮಬ್ಬಿಗೆ ಕಾರಣ ಹುಡುಕಿದ ರಸಾಯನ ವಿಜ್ಞಾನಿ ಹಾಗೆನ್-ಸ್ಮಿತ್, ವಾಹನದ ನೈಟ್ರೋಜನ್ ಆಕ್ಸೈಡುಗಳೂ ಹಾರುವ ಸಾವಯವ ಆವಿಗಳೂ ಬಿಸಿಲಿನಲ್ಲಿ ಕೂಡಿ ಓಝೋನ್ ಹುಟ್ಟಿಸುತ್ತವೆ ಎಂದು ತೋರಿಸಿದರು. ಲಾಸ್ ಏಂಜಲೀಸ್ ಜಿಲ್ಲೆ 1966ರಲ್ಲೇ ದ್ರಾವಕಗಳ ಮೇಲೆ ನಿಯಮ ಮಾಡಿತು. ಯುರೋಪ್ ಒಕ್ಕೂಟದ 2004ರ ನಿರ್ದೇಶನವೂ ಓಝೋನಿನ ಕಾರಣವನ್ನೇ ಮುಂದಿಟ್ಟಿತು. ಅದರ ಎರಡನೆಯ ಹಂತ 2010ರ ಜನವರಿ 1ರಿಂದ ಜಾರಿಯಾಯಿತು: ಒಳಗೋಡೆ ಮತ್ತು ಚಾವಣಿಯ ಹೊಳಪಿಲ್ಲದ ಬಣ್ಣಕ್ಕೆ ಲೀಟರಿಗೆ 30 ಗ್ರಾಂ; ಮರ ಮತ್ತು ಲೋಹದ ಬಣ್ಣ ನೀರಿನದಾದರೆ 130, ದ್ರಾವಕದ್ದಾದರೆ 300. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ, ವಾಹನಗಳು ಶುದ್ಧವಾಗುತ್ತ ಬಂದಂತೆ ಕೈಗಾರಿಕಾ ನಗರಗಳಲ್ಲಿ ಪೆಟ್ರೋಲಿಯಂ ಮೂಲದ ಹಾರುವ ಸಾವಯವಗಳಲ್ಲಿ ಸುಮಾರು ಅರ್ಧ ಬಣ್ಣ, ಅಂಟು, ಶುಚಿಕಾರಕ, ಸುಗಂಧದಂಥ ಬಳಕೆಯ ವಸ್ತುಗಳಿಂದಲೇ ಬರುತ್ತಿದೆ ಎಂದು ಲೆಕ್ಕ ಹಾಕಿತು.

ಈ ಎರಡು ದಾರಿಗಳಲ್ಲಿ ನಮಗೆ ಹೊಂದುವುದು ಯಾವುದು? ಆಕಾಶದ ವಾದವನ್ನು ಶಿವಮೊಗ್ಗಕ್ಕೆ ಹಾಗೆಯೇ ತಂದರೆ ಅದು ನಿಲ್ಲುವುದಿಲ್ಲ, ಮತ್ತು ಸುಲಭವಾಗಿ ಸೋಲುವ ವಾದವನ್ನು ಹಿಡಿದರೆ ಒಳ್ಳೆಯ ಉದ್ದೇಶಕ್ಕೂ ಪೆಟ್ಟು. ಮರಗಳು ತಾವೇ ಹಾರುವ ಸಾವಯವಗಳನ್ನು ಬಿಡುತ್ತವೆ. ಐಸೊಪ್ರೀನ್, ಟರ್ಪೀನ್‌ಗಳು ಭೂಮಿಯ ಲೆಕ್ಕದಲ್ಲಿ ಮನುಷ್ಯ ಬಿಡುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಒಂದು ಬದಿಗೆ ಶೆಟ್ಟಿಹಳ್ಳಿ ಅಭಯಾರಣ್ಯ, ಇನ್ನೊಂದು ಬದಿಗೆ ಭದ್ರಾ ಕಾಡು ಇರುವ ಊರಿನಲ್ಲಿ ಪೇಂಟಿನ ಆವಿ ಕಡಿಮೆಯಾದ ಮಾತ್ರಕ್ಕೆ ಓಝೋನ್ ಇಳಿಯುತ್ತದೆ ಎನ್ನುವಂತಿಲ್ಲ. ಕಾಡಿನ ನೆರೆಯಲ್ಲಿ ಓಝೋನಿಗೆ ಕೊರತೆಯಾಗುವುದು ಸಾಮಾನ್ಯವಾಗಿ ನೈಟ್ರೋಜನ್ ಆಕ್ಸೈಡಿನದು, ಸಾವಯವ ಆವಿಯದಲ್ಲ. ಆದರೆ ಕಾಡಿನ ಐಸೊಪ್ರೀನ್ ನಮ್ಮ ರವೀಂದ್ರನಗರ ಬಡಾವಣೆಯ ಮಲಗುವ ಕೋಣೆಯೊಳಗೆ ಘನ ಮೀಟರಿಗೆ ಗ್ರಾಂಗಟ್ಟಲೆ ತುಂಬುವುದಿಲ್ಲ. ಪೇಂಟಿನ ಆವಿ ತುಂಬುತ್ತದೆ. ಹಾಗಾಗಿ ನಮ್ಮ ವಾದ ಡೆನ್ಮಾರ್ಕಿನದಾಗಬೇಕು: ಬಣ್ಣದ ದ್ರಾವಕ ಇಲ್ಲಿ ಮೊದಲನೆಯದಾಗಿ ಕಾರ್ಮಿಕನ ಪ್ರಶ್ನೆ, ಎರಡನೆಯದಾಗಿ ಆ ಕೋಣೆಯಲ್ಲಿ ಮಲಗುವ ಮಗು, ಬಾಣಂತಿ, ಉಬ್ಬಸದ ಮುದುಕರ ಪ್ರಶ್ನೆ, ಮೂರನೆಯದಾಗಿ ಮಾತ್ರ ವಾಯುಮಂಡಲದ ಪ್ರಶ್ನೆ.

ಹೀಗೆ ಒಪ್ಪಿಕೊಂಡ ಕೂಡಲೇ ಲೆಕ್ಕ ಹಾಕುವ ರೀತಿಯೂ ಬದಲಾಗುತ್ತದೆ. ಆಕಾಶಕ್ಕೆ ಹಾಕಿದ ಮಿತಿಗೆ ಅದರದೇ ವ್ಯಾಖ್ಯಾನವಿದೆ. ಅಸಿಟೋನ್ ಓಝೋನನ್ನು ಹೆಚ್ಚು ಹುಟ್ಟಿಸುವುದಿಲ್ಲವೆಂದು ಅಮೆರಿಕ 1995ರಲ್ಲಿ ಅದನ್ನು ಲೆಕ್ಕದಿಂದ ಬಿಟ್ಟಿತು. ಅದನ್ನು ಉಸಿರಾಡುವವನ ತಲೆ ಮಾತ್ರ ಸುತ್ತದೇ ಇರುವುದಿಲ್ಲ. ಯುರೋಪ್ 250 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದನ್ನೆಲ್ಲ ಲೆಕ್ಕಕ್ಕೆ ಹಿಡಿಯುತ್ತದೆ. ಎಮಲ್ಷನ್‌ಗಳಲ್ಲಿ ರಾಳದ ಕಣಗಳನ್ನು ಬೆಸೆಯಲು ಹಾಕುವ ಒಂದು ಜನಪ್ರಿಯ ಪದಾರ್ಥ ಆ ಗೆರೆಯ ಸ್ವಲ್ಪ ಆಚೆ ಕುದಿಯುವುದರಿಂದ ಲೆಕ್ಕಕ್ಕೆ ಸಿಗದೆ ತಿಂಗಳುಗಟ್ಟಲೆ ನಿಧಾನವಾಗಿ ಗೋಡೆಯಿಂದ ಹೊರಬರಬಹುದು. ಅಂಗಡಿಯ ಬಣ್ಣ ಬೆರೆಸುವ ಯಂತ್ರದಿಂದ ಇಳಿಯುವ ಗಾಢ ವರ್ಣಗಳಲ್ಲಿ ಗ್ಲೈಕಾಲ್‌ಗಳಿರುವುದುಂಟು. ಶೂನ್ಯ ವಿಓಸಿ, ಅಂದರೆ ಹಾರುವ ಸಾವಯವಗಳೇ ಇಲ್ಲ, ಎಂದು ಬರೆದ ಬಿಳಿ ಡಬ್ಬಕ್ಕೆ ಅದು ಬಿದ್ದ ಮೇಲೆ ಆ ಬರಹ ಪೂರ್ತಿ ನಿಜವಾಗಿ ಉಳಿಯುವುದಿಲ್ಲ. ಇಷ್ಟು ಹೇಳಿಯೂ ಪ್ರಮಾಣದ ವಿವೇಕ ಬೇಕು. ಲೀಟರಿಗೆ 30 ಗ್ರಾಂ ಎಲ್ಲಿ, 400 ಗ್ರಾಂ ಎಲ್ಲಿ?

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಕಿಂಡಿ ಥಿನ್ನರ್ ಬಾಟಲಿ. ಯುರೋಪಿನ ಮಿತಿ ಹಚ್ಚಲು ಸಿದ್ಧವಾದ ಬಣ್ಣಕ್ಕೆ ಅನ್ವಯಿಸುತ್ತದೆ, ಬರೇ ಡಬ್ಬದಲ್ಲಿದ್ದ ಬಣ್ಣಕ್ಕಲ್ಲ. ಈ ಸಣ್ಣ ವ್ಯತ್ಯಾಸದಲ್ಲಿ ಬಹಳಷ್ಟು ಅಡಗಿದೆ. ಲೀಟರಿಗೆ 300 ಗ್ರಾಂ ದ್ರಾವಕವಿರುವ ಒಳ್ಳೆಯ ಎನಾಮಲ್ ಒಂದನ್ನು ತಂದು, ಬ್ರಷ್ ಎಳೆಯುವುದಿಲ್ಲವೆಂದು ಕಾಲು ಲೀಟರ್ ಟರ್ಪೆಂಟೈನ್ ಸುರಿದರೆ ಸುಮಾರು 195 ಗ್ರಾಂ ಸೇರಿ ಒಂದೂಕಾಲು ಲೀಟರಿನಲ್ಲಿ 495 ಗ್ರಾಂ ಆಗುತ್ತದೆ, ಅಂದರೆ ಲೀಟರಿಗೆ ಹತ್ತಿರಹತ್ತಿರ 400. ಕಾರ್ಖಾನೆಯ ರಸಾಯನಜ್ಞ ವರ್ಷಗಟ್ಟಲೆ ದುಡಿದು ಇಳಿಸಿದ್ದನ್ನು ಒಂದು ಲೋಟ ಟರ್ಪೆಂಟೈನ್ ಮತ್ತೆ ಏರಿಸುತ್ತದೆ. ಸಾಯಂಕಾಲ ಬ್ರಷ್ ತೊಳೆಯಲು ಇನ್ನಷ್ಟು, ಕೈಗಂಟಿದ ಬಣ್ಣ ಒರೆಸಲು ಮತ್ತಷ್ಟು. ಚರ್ಮದ ಮೂಲಕವೂ ದ್ರಾವಕ ಮೈಗೆ ಸೇರುತ್ತದೆ ಎಂಬುದು ಇಲ್ಲಿ ಮರೆಯುವಂಥದ್ದಲ್ಲ. ಒಂದು ಮನೆಗೆ 40 ಲೀಟರ್ ಎಮಲ್ಷನ್, 8 ಲೀಟರ್ ಎನಾಮಲ್, ತೆಳುಮಾಡಲೂ ತೊಳೆಯಲೂ 2 ಲೀಟರ್ ಟರ್ಪೆಂಟೈನ್ ಎಂದಿಟ್ಟುಕೊಳ್ಳೋಣ. ಎಮಲ್ಷನ್‌ನಲ್ಲಿ ಲೀಟರಿಗೆ 30 ಗ್ರಾಂನಂತೆ 1.2 ಕಿಲೋ, ಎನಾಮಲ್ಲಿನಿಂದ 3.2 ಕಿಲೋ, ಟರ್ಪೆಂಟೈನಿನಿಂದ ಒಂದೂವರೆ ಕಿಲೋಗೂ ಮೇಲು. ಗೋಡೆ ಇಡೀ ಮನೆಯಷ್ಟಿದ್ದರೂ ಆವಿಯ ಐದರಲ್ಲಿ ನಾಲ್ಕು ಪಾಲು ಹೊರಡುವುದು ಬಾಗಿಲು, ಕಿಟಕಿ, ಗ್ರಿಲ್ಲುಗಳಿಂದ. ಗೋಡೆಯ ಬಣ್ಣದ ಜಾಹೀರಾತಿನಲ್ಲಿ ಕಾಣುವ ಹಸಿರು ಎಲೆಯ ಗುರುತು ನಮ್ಮ ಕಣ್ಣನ್ನು ಈ ನಾಲ್ಕು ಪಾಲಿನಿಂದ ಬೇರೆಡೆಗೆ ತಿರುಗಿಸುತ್ತಿದೆ.

ನಮ್ಮ ದೇಶದಲ್ಲಿ ಪರಿಸರಸ್ನೇಹಿ ವಸ್ತುಗಳಿಗೆ ಗುರುತು ಕೊಡುವ 1991ರ ಇಕೋಮಾರ್ಕ್ ಯೋಜನೆಯಲ್ಲೇ ಕಟ್ಟಡದ ಬಣ್ಣಗಳು ಸೇರಿದ್ದವು. ಆದರೆ ಅದು ಸ್ವಇಚ್ಛೆಯ ಗುರುತು. ಎಲ್ಲ ಅಲಂಕಾರಿಕ ಬಣ್ಣಗಳಿಗೂ ಕಡ್ಡಾಯವಾಗುವ ದ್ರಾವಕ ಮಿತಿ ಬರಲಿಲ್ಲ. ಕಡ್ಡಾಯ ಮಾಡಿದರೆ ಏನಾಗಬಹುದು ಎಂಬುದಕ್ಕೆ ಸೀಸದ ಚರಿತ್ರೆ ಇದೆ, ಅದು ಕರ್ನಾಟಕದ್ದೇ ಚರಿತ್ರೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಷನ್ ದೇಶದ ಹಲವು ನಗರಗಳಲ್ಲಿ ಮಕ್ಕಳ ರಕ್ತದ ಸೀಸವನ್ನು ಅಳೆಯಿಸಿದಾಗ ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಅದು ಆಗಿನ ಅಪಾಯದ ಗೆರೆ ದಾಟಿತ್ತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ತಜ್ಞ ತುಪ್ಪಿಲ್ ವೆಂಕಟೇಶ್ ಈ ಕೆಲಸವನ್ನು ದಶಕಗಳ ಕಾಲ ಮುಂದುವರಿಸಿದರು. ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದು ಎಂಬ ನಿಯಮ ಹೊರಬಿದ್ದದ್ದು 2016ರ ನವೆಂಬರ್‌ನಲ್ಲಿ, ಜಾರಿಯಾದದ್ದು ಒಂದು ವರ್ಷದ ಮೇಲೆ. ಅಳತೆಗೂ ಕಾನೂನಿಗೂ ನಡುವೆ ಸುಮಾರು ಹದಿನೇಳು ವರ್ಷ ಹೋದವು. ಆಮೇಲೂ ಸಣ್ಣ ತಯಾರಕರ ಕೆಲವು ಬಣ್ಣಗಳಲ್ಲಿ ಮಿತಿ ಮೀರಿದ ಸೀಸ ಕಂಡದ್ದುಂಟು. ಆದರೂ ದೊಡ್ಡ ತಯಾರಕರೆಲ್ಲ ಬದಲಾದರು, ಬಣ್ಣದ ಉದ್ಯಮ ಮುಳುಗಲಿಲ್ಲ.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು ಪೇಂಟರ್‌ಗಳದ್ದೇ: ನೀರಿನ ಎನಾಮಲ್ ಹೊಳೆಯುವುದಿಲ್ಲ, ಬ್ರಷ್ಷಿನ ಗೆರೆ ಉಳಿಯುತ್ತದೆ, ಹಳೆಯ ಆಯಿಲ್ ಪೇಂಟಿನ ಮೇಲೆ ಸಿಪ್ಪೆ ಏಳುತ್ತದೆ. ಈ ಮಾತಿನಲ್ಲಿ ಅನುಭವದ ಸತ್ಯವಿದೆ. ನೀರು ಬೇಗ ಆರುವುದರಿಂದ ಬಣ್ಣ ತಾನಾಗಿ ಹರಡಿ ಸಮವಾಗಲು ಸಮಯ ಸಿಗುವುದಿಲ್ಲ; ಹಚ್ಚಿದ ಜಾಗಕ್ಕೆ ಮತ್ತೆ ಮತ್ತೆ ಬ್ರಷ್ ಎಳೆದರೆ ಗೆರೆ ಖಂಡಿತ. ಹಳೆಯ ಹೊಳಪಿನ ಮೇಲೆ ಸ್ಯಾಂಡ್‌ಪೇಪರ್ ಹಿಡಿದು ಉಜ್ಜದೆ, ತಕ್ಕ ಪ್ರೈಮರ್ ಕೊಡದೆ ಹಚ್ಚಿದರೆ ಅಂಟುವುದಿಲ್ಲ. ಬರಿ ಕಬ್ಬಿಣಕ್ಕೆ ನೇರ ಹಚ್ಚಿದರೆ ಆರುವ ಮುನ್ನವೇ ತುಕ್ಕಿನ ಚುಕ್ಕೆ ಮೂಡಬಹುದು, ಅದಕ್ಕೆ ತುಕ್ಕು ತಡೆಯುವ ಪ್ರೈಮರ್ ಬೇಕೇ ಬೇಕು. ಇವೆಲ್ಲ ಕೈಯ ಅಭ್ಯಾಸ ಬದಲಾಗಬೇಕಾದ ಸಂಗತಿಗಳು, ಆ ಕಲಿಕೆಯ ಹೊರೆಯನ್ನು ದಿನಗೂಲಿಯ ಪೇಂಟರನೊಬ್ಬನ ಮೇಲೇ ಹೊರಿಸುವುದು ಅನ್ಯಾಯ. ಹೊಸ ಗ್ರಿಲ್ಲು, ಗೇಟುಗಳಿಗೆ ಇನ್ನೂ ಒಳ್ಳೆಯ ದಾರಿಯಿದೆ: ಸುಮಾರು 180ರಿಂದ 200 ಡಿಗ್ರಿಯಲ್ಲಿ ಕಾಯಿಸಿ ಕೂರಿಸುವ ಪೌಡರ್ ಕೋಟಿಂಗ್‌ನಲ್ಲಿ ದ್ರಾವಕವೇ ಇಲ್ಲ. ಮಾಚೇನಹಳ್ಳಿಯಂಥ ಕೈಗಾರಿಕಾ ಪ್ರದೇಶವಿರುವ ಊರಿಗೆ ಅದು ದೂರದ ತಂತ್ರವಲ್ಲ.

ಎರಡನೆಯದು ಮಲೆನಾಡಿನ ಆಕ್ಷೇಪ: ಆಗುಂಬೆಯ ಜಿಲ್ಲೆಯಲ್ಲಿ ನೀರಿನ ಬಣ್ಣ ನಿಂತೀತೇ? ತೇವದ ಗಾಳಿಯಲ್ಲಿ ಅದು ನಿಧಾನವಾಗಿ ಆರುತ್ತದೆ, ಒಂದೇ ದಿನ ಎರಡು ಕೋಟ್ ಎಂಬ ಕಂಪನಿಯ ಮಾತು ಜುಲೈನಲ್ಲಿ ನಡೆಯುವುದಿಲ್ಲ. ಇದು ನಿಜ. ಆದರೆ ನೀರು ಕುಡಿದ ಮರದ ಮೇಲೆ ಎನಾಮಲ್ಲೂ ನಿಲ್ಲುವುದಿಲ್ಲ. ಒಳಗಿನ ತೇವ ಹೊರಬರಲು ಜಾಗ ಬಿಡದ ಅದರ ಪದರ ಗುಳ್ಳೆಯೆದ್ದು ಸುಲಿಯುತ್ತದೆ. ಗೋಡೆಯಲ್ಲಂತೂ ತೇವವನ್ನು ಆಚೆ ಬಿಡುವ ನೀರಿನ ಬಣ್ಣವೇ ಮೇಲು. ಮಳೆಗಾಲದಲ್ಲಿ ಮರ, ಕಬ್ಬಿಣದ ಕೆಲಸ ಹಿಡಿಯದಿರುವುದು ಎರಡೂ ಬಗೆಯ ಬಣ್ಣಕ್ಕೂ ಒಳ್ಳೆಯದು, ಪೇಂಟರನ ಎದೆಗಂತೂ ಇನ್ನೂ ಒಳ್ಳೆಯದು. ದ್ರಾವಕವಿಲ್ಲದ ಬಣ್ಣಕ್ಕೆ ಈ ನೆಲ ಹೊಸದೂ ಅಲ್ಲ. ಸಾಗರದ ಕಡೆಯ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಯ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆಯ ಹಳದಿಯಿಂದ ಪುಂಡಿನಾರಿನ ಕುಂಚದಲ್ಲಿ ಹಸೆ ಚಿತ್ತಾರ ಬರೆಯುತ್ತ ಬಂದಿದ್ದಾರೆ. ಎಲ್ಲರೂ ಕೆಮ್ಮಣ್ಣಿಗೂ ಸುಣ್ಣಕ್ಕೂ ಮರಳಬೇಕೆಂದು ನಾನು ವಾದಿಸುತ್ತಿಲ್ಲ. ಬಾಗಿಲಿನ ಕೆಲಸಕ್ಕೆ ಸುಣ್ಣ ಬಾರದು, ಈಗಿನ ಮನೆಗಳ ಬೇಡಿಕೆಯೇ ಬೇರೆ.

ಮೂರನೆಯದು ಬೆಲೆ. ನೀರಿನ ಎನಾಮಲ್ಲಿಗೆ ಸಾಮಾನ್ಯವಾಗಿ ಲೀಟರಿಗೆ ಹೆಚ್ಚು ಕೊಡಬೇಕು. ಆದರೆ ಲೀಟರಿನ ಬೆಲೆ ನೋಡುವವರು ಟರ್ಪೆಂಟೈನಿನ ಬೆಲೆಯನ್ನೂ ಒಣ ತಿಂಗಳುಗಳಲ್ಲಿ ಉಳಿಯುವ ದಿನವನ್ನೂ ಕೂಡಿಸಬೇಕು. ಬಣ್ಣದ ಕೆಲಸದಲ್ಲಿ ಕೂಲಿಯದು ದೊಡ್ಡ ಪಾಲು. ಇಷ್ಟಾದ ಮೇಲೂ ಅದು ತುಟ್ಟಿಯಾದರೆ ಆ ಹೆಚ್ಚುವರಿಯನ್ನು ಮನೆ ಕಟ್ಟಿಸುವವನು ಕೊಡಬೇಕು ಎಂದೇ ನನ್ನ ಅಭಿಪ್ರಾಯ. ಈಗಿನ ಅಗ್ಗದ ಬೆಲೆಯಲ್ಲಿ ಉಳಿದದ್ದನ್ನು ಪೇಂಟರ್ ತನ್ನ ಮೈಯಿಂದ ತುಂಬುತ್ತಿದ್ದಾನೆ. ಮರದ ಪಾಲಿಶ್ ಮಾತ್ರ ನಿಜಕ್ಕೂ ಕಷ್ಟದ್ದು. ಮೆಲಮೈನ್, ಪಿಯು (ಪಾಲಿಯುರೆಥೇನ್) ಮೆರುಗಿಗೆ ಟಾಲ್ವೀನ್‌ನಂಥ ಉಗ್ರ ದ್ರಾವಕಗಳ ಥಿನ್ನರ್ ಬೇಕು, ನೀರಿನ ಪಾಲಿಶ್ ಅದೇ ಮೆರುಗನ್ನು ಇನ್ನೂ ಸುಲಭವಾಗಿ ಕೊಡುತ್ತಿಲ್ಲ. ಅಂಥಲ್ಲಿ ಬಾಗಿಲನ್ನು ಬಡಗಿಯ ಬಯಲು ಶೆಡ್ಡಿನಲ್ಲೇ ಪಾಲಿಶ್ ಮಾಡಿಸಿ ಆಮೇಲೆ ಕೂರಿಸಬಹುದು, ಮತ್ತು ಹಚ್ಚುವವನಿಗೆ ಸಕ್ರಿಯ ಇಂಗಾಲದ ಡಬ್ಬಿಯಿರುವ ಮುಖಗವಸು ಕೊಡಬೇಕು. ಮೂಗಿಗೆ ಕಟ್ಟಿದ ಕರ್ಚೀಫು ಆವಿಯನ್ನು ತಡೆಯದು. ಕೋವಿಡ್ ಕಾಲದ ಎನ್-95 ಕೂಡ ದೂಳಿಗೆ ಸರಿ, ಆವಿಗೆ ಅಲ್ಲ. 1996ರ ಕಾಯ್ದೆಗಳಿಂದ ಹುಟ್ಟಿದ ಕಟ್ಟಡ ಸೆಸ್ ಕರ್ನಾಟಕದಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ, ಪೇಂಟರ್‌ಗಳೂ ಅದರ ಫಲಾನುಭವಿಗಳು. ಇಂಗಾಲದ ಮುಖಗವಸು, ನೀರಿನ ಎನಾಮಲ್ ಹಚ್ಚುವ ತರಬೇತಿ, ವರ್ಷಕ್ಕೊಮ್ಮೆ ನರಗಳ ಮತ್ತು ಶ್ವಾಸದ ತಪಾಸಣೆ ಆ ಹಣದ ಅತ್ಯಂತ ನ್ಯಾಯವಾದ ಬಳಕೆಯಾಗುತ್ತದೆ.

ಕೇಂದ್ರದ ಕಡ್ಡಾಯ ಮಿತಿ ಬರಲಿ, ಅದು ಥಿನ್ನರ್ ಸೇರಿಸಿದ ಮೇಲಿನ ಬಣ್ಣಕ್ಕೇ ಅನ್ವಯಿಸಲಿ, ಬಿಡಿಯಾಗಿ ಮಾರುವ ಥಿನ್ನರ್ ಬಾಟಲಿಯ ಮೇಲೂ ಒಳಗೇನಿದೆ ಎಂದು ಬರೆದಿರಲಿ. ಆದರೆ ಸೀಸಕ್ಕೆ ಕಾದಷ್ಟು ವರ್ಷ ಇದಕ್ಕೂ ಕಾಯಬೇಕಿಲ್ಲ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗಿನ ಕಾರ್ಖಾನೆಯಾಗಿ ಹುಟ್ಟಿದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಇವತ್ತಿಗೂ ರಾಜ್ಯ ಸರ್ಕಾರದ್ದು. 1962ರ ಮಹಾಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಶಾಯಿ ಕೊಡುತ್ತಿರುವ ಆ ಸಂಸ್ಥೆಗೆ ಸರ್ಕಾರಿ ಕಟ್ಟಡಗಳಿಗಾಗಿ ಕಡಿಮೆ ದ್ರಾವಕದ ಎನಾಮಲ್ ತಯಾರಿಸು ಎಂದು ಹೇಳಲು ಸರ್ಕಾರ ಯಾರ ಒಪ್ಪಿಗೆಗೂ ಕಾಯಬೇಕಿಲ್ಲ. ಶಾಲೆ, ಅಂಗನವಾಡಿ, ಶಿವಮೊಗ್ಗದ ಮೆಗ್ಗಾನ್‌ನಂಥ ಆಸ್ಪತ್ರೆ, ಪೊಲೀಸ್ ವಸತಿಗೃಹಗಳಿಗೆ ಯಾವ ಬಣ್ಣ ಹೋಗಬೇಕೆಂದು ತೀರ್ಮಾನಿಸುವುದು ಲೋಕೋಪಯೋಗಿ ಇಲಾಖೆಯ ದರಪಟ್ಟಿಯ ಸಾಲುಗಳು. ಗುತ್ತಿಗೆದಾರ ಕೊಳ್ಳುವುದು ಆ ಸಾಲಿನಲ್ಲಿ ಇರುವುದನ್ನೇ. ಅದರ ಮುಂದಿನ ಪರಿಷ್ಕರಣೆಯಲ್ಲಿ ಒಳಾಂಗಣದ ಮರ ಮತ್ತು ಲೋಹಕ್ಕೆ ಹಚ್ಚಲು ಸಿದ್ಧವಾದ ಬಣ್ಣದಲ್ಲಿ ಲೀಟರಿಗೆ 130 ಗ್ರಾಂ ಮೀರದ ದ್ರಾವಕ ಎಂಬ ಷರತ್ತನ್ನೂ, ಕೆಲಸಗಾರನಿಗೆ ಇಂಗಾಲದ ಮುಖಗವಸಿನ ವೆಚ್ಚವನ್ನೂ ಸೇರಿಸಬೇಕೆಂದು ಈ ಸಭೆಯಿಂದಲೇ ಒಂದು ಮನವಿ ಇಲಾಖೆಗೆ ಹೋಗಲಿ ಎಂದು ಕೋರುತ್ತೇನೆ.